18 ಕ್ರೆಡಿಟ್ ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಈ ವರ್ಷ ಅಮೆರಿಕದ ಕಾಲೇಜುಗಳಿಗೆ ಸೇರುತ್ತಿರುವ ಮಕ್ಕಳು ಇಲ್ಲಿದ್ದೀರಿ. ನಿಮ್ಮ ಅಪ್ಪ ಅಮ್ಮಂದಿರೂ ಬಂದಿದ್ದಾರೆ. ಕೈ ಎತ್ತಿ ಅಂದಾಗ ಡಾಕ್ಟರ್ ಆಗಬೇಕು ಎನ್ನುವವರೇ ಜಾಸ್ತಿ ಕಂಡರು. ಲಾ ಓದಬೇಕು ಎನ್ನುವವರು ನಾಲ್ಕೈದು ಜನ ಇದ್ದೀರಿ. ನಾನು ಪದವಿ ವಿದ್ಯಾರ್ಥಿಗಳಿಗೆ ಕೆಮಿಸ್ಟ್ರಿ ಕಲಿಸುತ್ತೇನೆ. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವವರಿಗೆ ಸಲಹೆ ಕೊಡುವುದೂ ನನ್ನ ಕೆಲಸ. ಪ್ರತಿ ಆಗಸ್ಟ್‌ನಲ್ಲಿ ಹೊಸ ಮಕ್ಕಳು ಬಂದು ಕೂತು ಕೇಳುವ ಮೊದಲ ಪ್ರಶ್ನೆ ಇದು: "ಒಂದೇ ಸೆಮಿಸ್ಟರ್‌ನಲ್ಲಿ 18 ಕ್ರೆಡಿಟ್ ತಗೊಂಡರೆ ಮೆಡಿಕಲ್ ಸ್ಕೂಲಿನವರು ಮೆಚ್ಚುತ್ತಾರಾ?"

ಇಲ್ಲ. ಹಾಗೆ ಮೆಚ್ಚಿ ಸೀಟು ಕೊಟ್ಟಿದ್ದನ್ನು ನಾನು ನೋಡಿಲ್ಲ. ಕಾರಣ ಹೇಳುತ್ತೇನೆ.

ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎಂಟು ಸೆಮಿಸ್ಟರ್‌ಗೆ ಹಂಚಿದರೆ ತಲಾ 15. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಹೊರಗೆ ಎರಡು ಗಂಟೆ ಓದು. ಇದು ನಾನು ಹೇಳುವ ಮಾತಲ್ಲ, ಸರ್ಕಾರದ ನಿಯಮದಲ್ಲೇ ಇರುವ ಲೆಕ್ಕ. ಹಾಗಾದರೆ 15 ಕ್ರೆಡಿಟ್ ಎಂದರೆ ವಾರಕ್ಕೆ 45 ಗಂಟೆ. 18 ಎಂದರೆ 54. ಲ್ಯಾಬ್ ಬಂದರೆ ಈ ಲೆಕ್ಕವೂ ಸಾಲದು. ಒಂದೇ ಕ್ರೆಡಿಟ್ ಎಂದು ಬರೆದಿರುವ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಮೂರು ಗಂಟೆ ನಿಂತಿರುತ್ತೀರಿ. ರೂಮಿಗೆ ಹೋದ ಮೇಲೆ ರಿಪೋರ್ಟ್ ಬರೆಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೆಯಲ್ಲಿ ಹೇಳುತ್ತಾರೆ, ಅಲ್ವಾ? ಆದರೆ ಹಾಸಿಗೆ ಎಷ್ಟುದ್ದ ಇದೆ ಅಂತ ಮೊದಲ ಸೆಮಿಸ್ಟರ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹೊಸ ಊರು, ಹೊಸ ರೂಮ್‌ಮೇಟ್, ಅಡುಗೆ, ಬಟ್ಟೆ, ನಿದ್ದೆ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು. ಅದಕ್ಕೇ ಮೊದಲ ಸೆಮಿಸ್ಟರ್‌ಗೆ 13, 14 ಸಾಕು ಅಂತ ನಾನು ಹೇಳುವುದು. ಆದರೆ 12ಕ್ಕಿಂತ ಕೆಳಗೆ ಇಳಿಯುವ ಮುಂಚೆ ವಿಚಾರಿಸಿ. ಸ್ಕಾಲರ್‌ಶಿಪ್ ಇರುವವರಿಗೆ, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಪೂರ್ಣಾವಧಿ ವಿದ್ಯಾರ್ಥಿ ಎನ್ನಿಸಿಕೊಳ್ಳುವ ಆ ಗೆರೆ ಬಹಳ ಮುಖ್ಯ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬಹಳ ಚುರುಕು. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ಎ. ಮೊದಲ ಸೆಮಿಸ್ಟರ್‌ನಲ್ಲಿ ಬಯಾಲಜಿ, ಕೆಮಿಸ್ಟ್ರಿ, ಎರಡಕ್ಕೂ ಲ್ಯಾಬ್, ಕ್ಯಾಲ್ಕುಲಸ್, ರೈಟಿಂಗ್, ಮೇಲೆ ಇನ್ನೊಂದು ಕೋರ್ಸ್. ಒಟ್ಟು 18. ಎರಡನೇ ವಾರ ನನ್ನ ಹತ್ತಿರ ಬಂದು, "ಒಂದು ಬಿಡಲಾ?" ಅಂತ ಕೇಳಿದಳು. "ಇನ್ನೂ ಸ್ವಲ್ಪ ದಿನ ನೋಡು" ಅಂದುಬಿಟ್ಟೆ. ಕೋರ್ಸ್ ಡ್ರಾಪ್ ಮಾಡುವ ಗಡುವು ಅದೇ ವಾರ ಮುಗಿಯಿತು. ಡಿಸೆಂಬರ್‌ನಲ್ಲಿ ಅವಳ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, 4ಕ್ಕೆ 2.7 ಬಂತು. ಆ ಸಲಹೆ ತಪ್ಪು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

2.7 ಬಂದರೆ ಏನಂತೆ, ಮುಂದೆ ಸರಿಮಾಡಿಕೊಳ್ಳಬಹುದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಎರಡು ವರ್ಷ ಮುಗಿಯುವ ಹೊತ್ತಿಗೆ, ಅಂದರೆ 60 ಕ್ರೆಡಿಟ್‌ಗೆ, ಅವಳಿಗೆ 3.6 ಬೇಕು ಅಂತಿಟ್ಟುಕೊಳ್ಳಿ. ಉಳಿದಿರುವುದು 42 ಕ್ರೆಡಿಟ್. ಅವುಗಳಲ್ಲಿ ಸರಾಸರಿ 3.98ಕ್ಕಿಂತ ಮೇಲೆ ಬರಬೇಕು. ಎಲ್ಲದರಲ್ಲೂ ಎ ಬಂದು, ಎಲ್ಲೋ ಒಂದು ಕ್ರೆಡಿಟ್‌ನ ಲ್ಯಾಬ್‌ನಲ್ಲಿ ಎ ಮೈನಸ್ ಬಂದರೆ ಸರಿ, ಅಷ್ಟೇ. ಆ ಒಂದು ಸೆಮಿಸ್ಟರ್‌ನ ಸುಮಾರು ನಾಲ್ಕು ತಿಂಗಳು ಅವಳ ಮುಂದಿನ ಒಂದೂವರೆ ವರ್ಷವನ್ನು ಹಿಡಿದಿಟ್ಟಿತು.

ಕೋರ್ಸ್ ಮತ್ತೆ ತಗೊಂಡರೆ ಹಳೆಯ ಗ್ರೇಡ್ ಹೋಗುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ನಿಮ್ಮ ಕಾಲೇಜಿನ ಲೆಕ್ಕದಲ್ಲಿ ಹೋಗಬಹುದು. ಆದರೆ ಎಂಡಿ, ಅಂದರೆ ಅಮೆರಿಕದಲ್ಲಿ ಡಾಕ್ಟರ್ ಆಗುವ ಪದವಿ, ಕೊಡುವ ಬಹುತೇಕ ಮೆಡಿಕಲ್ ಸ್ಕೂಲುಗಳಿಗೆ ಆಮ್‌ಕ್ಯಾಸ್ ಎಂಬ ಒಂದೇ ಅರ್ಜಿ. ಅಲ್ಲಿ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು ಬೇರೆಯಾಗಿಯೂ ತೆಗೆಯುತ್ತಾರೆ. ಹೈಸ್ಕೂಲಿನಲ್ಲಿದ್ದಾಗ ತಗೊಂಡ ಕಾಲೇಜು ಕೋರ್ಸುಗಳನ್ನೂ ಆ ಅರ್ಜಿಯಲ್ಲಿ ತೋರಿಸಬೇಕು. ಅಪ್ಪ ಅಮ್ಮಂದಿರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಗಡುವು ದಾಟಿದ ಮೇಲೆ ಕೋರ್ಸ್ ಬಿಟ್ಟರೆ ಗ್ರೇಡ್ ಜಾಗದಲ್ಲಿ 'ಡಬ್ಲ್ಯೂ' ಬರುತ್ತದೆ. ಅದು ಜಿಪಿಎಗೆ ಸೇರುವುದಿಲ್ಲ. ಒಂದು ಡಬ್ಲ್ಯೂ ಬಂತು ಅಂತ ಅಳುತ್ತಾ ಬರುವ ಮಕ್ಕಳನ್ನು ನೋಡಿದ್ದೇನೆ. ಸಿ ಗ್ರೇಡಿಗಿಂತ ಅದು ಎಷ್ಟೋ ವಾಸಿ. ಪ್ರತಿ ಸೆಮಿಸ್ಟರ್ ಬಿಡುತ್ತಾ ಹೋದರೆ ಮಾತ್ರ ಪ್ರಶ್ನೆ ಬರುತ್ತದೆ.

ಯಾವ ಕೋರ್ಸ್ ಬೇಕು ಎನ್ನುವುದು ಬಹುಪಾಲು ನಿಮಗೆ ಗೊತ್ತೇ ಇದೆ. ಸಾಮಾನ್ಯವಾಗಿ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ತಲಾ ಒಂದು ವರ್ಷ, ಲ್ಯಾಬ್ ಸಮೇತ. ಬಯೋಕೆಮಿಸ್ಟ್ರಿ, ಇಂಗ್ಲಿಷ್, ಸ್ವಲ್ಪ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್. ಸ್ಕೂಲಿನಿಂದ ಸ್ಕೂಲಿಗೆ ವ್ಯತ್ಯಾಸ ಇರುತ್ತದೆ, ನೋಡಿಕೊಳ್ಳಿ. ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದಾದರೂ ಆಗಬಹುದು. ಇತಿಹಾಸ ಓದಿದವರೂ ಡಾಕ್ಟರ್ ಆಗುತ್ತಾರೆ. ನಾನು ಜಾಸ್ತಿ ಹೊತ್ತು ಕೂತು ಯೋಚಿಸುವುದು ಯಾವುದರ ಜೊತೆ ಯಾವುದು ಅಂತ. ಆರ್ಗ್ಯಾನಿಕ್ ಇರುವ ಸೆಮಿಸ್ಟರ್‌ನಲ್ಲಿ ಲ್ಯಾಬ್ ಇರುವ ಕೋರ್ಸ್ ಇನ್ನೊಂದು ಮಾತ್ರ ಇರಲಿ. ಉಳಿದದ್ದು ನಿಮಗೆ ಖುಷಿ ಕೊಡುವ ಓದು ಆಗಿರಲಿ. ಆರ್ಗ್ಯಾನಿಕ್ ಅನ್ನು ಬೇಸಿಗೆಯಲ್ಲಿ ಮುಗಿಸಿಬಿಡುತ್ತೇನೆ ಎನ್ನುವವರಿಗೆ ಒಂದು ಮಾತು: ವರ್ಷದ ಪಾಠ ಕೆಲವೇ ವಾರಗಳಲ್ಲಿ ಬರುತ್ತದೆ. ಆ ಬೇಸಿಗೆಯಲ್ಲಿ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಈಗ ಎಂಕ್ಯಾಟ್, ಅಂದರೆ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ. ನಾಲ್ಕು ಭಾಗ, 230 ಪ್ರಶ್ನೆ. ಬಿಡುವೂ ಸೇರಿ ಪರೀಕ್ಷೆಯ ದಿನ ಸುಮಾರು ಏಳೂವರೆ ಗಂಟೆ. ಅಂಕ 472ರಿಂದ 528ರವರೆಗೆ. ಇದಕ್ಕೆ 300 ಗಂಟೆ ತಯಾರಿ ಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ವಾರಕ್ಕೆ 15 ಗಂಟೆ ಓದಿದರೂ 20 ವಾರ. ಮೊದಲು ಹೇಳಿದ ಲೆಕ್ಕದಲ್ಲಿ ಇದು ಐದು ಕ್ರೆಡಿಟ್‌ನ ಕೋರ್ಸ್‌ಗೆ ಸಮ, ಅದೂ ಸೆಮಿಸ್ಟರ್‌ಗಿಂತ ಉದ್ದ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುವುದಿಲ್ಲ ಅಂತ ಮಕ್ಕಳು ಇದನ್ನು 15 ಕ್ರೆಡಿಟ್ ಮೇಲೆ ಸುಮ್ನೆ ಹೇರಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ವಾರಕ್ಕೆ ನಾಲ್ಕು ಗಂಟೆ ವಾಲಂಟಿಯರ್ ಕೆಲಸ ಇದ್ದರೆ ಅದೂ ಹಾಗೆಯೇ. ಅವನ್ನೂ ಕ್ರೆಡಿಟ್ ಅಂತಲೇ ಎಣಿಸಿ ಟೈಮ್‌ಟೇಬಲ್‌ಗೆ ಹಾಕಿ. ಆಗ ಯಾವುದು ಬಿಡಬೇಕು ಅಂತ ಕಣ್ಣಿಗೇ ಕಾಣುತ್ತದೆ.

ಲಾ ಸ್ಕೂಲಿನವರಿಗೆ ಇಂಥದೇ ಕೋರ್ಸ್ ಬೇಕು ಅಂತಿಲ್ಲ. ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಮತ್ತು ಜಿಪಿಎ ಮುಖ್ಯ. ಚೆನ್ನಾಗಿ ಓದುವುದು, ಬರೆಯುವುದು ಕಲಿಸುವ ಕೋರ್ಸುಗಳನ್ನು ಆರಿಸಿಕೊಳ್ಳಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹೈಸ್ಕೂಲ್ ಮುಗಿದ ಕೂಡಲೇ ಮೆಡಿಕಲ್ ಸೇರುವ ದೇಶಗಳಿವೆ. ಅಮೆರಿಕದ ದಾರಿ ಬೇರೆ. 1893ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಸ್ಕೂಲ್ ಮೊದಲೇ ಪದವಿ ಬೇಕು ಎಂದಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಮೆಡಿಕಲ್ ಸ್ಕೂಲುಗಳ ಬಗ್ಗೆ ಬರೆದ ತನ್ನ ವರದಿಯಲ್ಲಿ ಅದನ್ನೇ ಮಾದರಿಯಾಗಿ ತೋರಿಸಿದ. ಹಾಗಾಗಿ ಈ ವರ್ಷಗಳನ್ನು ತಡ ಅಂತ ನೋಡಬೇಡಿ. ಈಗ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪದವಿಯ ನಂತರ ಒಂದು ವರ್ಷವಾದರೂ ಬಿಡುವು ತಗೊಂಡವರೇ. ಮಗ, ಮಗಳು 'ಗ್ಯಾಪ್ ಇಯರ್' ಅಂದರೆ ಗಾಬರಿಯಾಗಬೇಡಿ. ಆ ವರ್ಷ ಏನು ಮಾಡುತ್ತೀಯ ಅಂತ ಕೇಳಿ.

ಆ ಹುಡುಗಿ ಮುಂದಿನ ಸೆಮಿಸ್ಟರ್‌ನಲ್ಲಿ 13 ಕ್ರೆಡಿಟ್ ತಗೊಂಡಳು. ಪದವಿ ಮುಗಿದ ಮೇಲೆ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಾ ಎಂಕ್ಯಾಟ್‌ಗೆ ಓದಿದಳು. ಎರಡನೇ ಸಲ ಅರ್ಜಿ ಹಾಕಿದಾಗ ಸೀಟು ಸಿಕ್ಕಿತು. ನಿಮ್ಮ ಟೈಮ್‌ಟೇಬಲ್ ತಂದಿದ್ದರೆ ಇಲ್ಲೇ ಕೂತು ನೋಡೋಣ. ಡ್ರಾಪ್ ಮಾಡುವ ಕೊನೆಯ ದಿನ ಯಾವಾಗ ಅಂತ ಮೊದಲು ಅದರ ಮೇಲೆ ಬರೆದುಕೊಳ್ಳಿ.