ಇಂಗ್ಲಿಷ್ ಗ್ರಾಮರ್‌ಗೆ ಕನ್ನಡದ ಕಿವಿ

ಕೇಳುಗರೇ, ನಮಸ್ಕಾರ. ಬ್ಯಾಂಕ್ ಪರೀಕ್ಷೆಗೋ, ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಗೋ ಓದಿಕೊಂಡು ಮೈಸೂರಿನ ಪಿಜಿಗಳಲ್ಲಿ, ಮಂಡ್ಯದ ಲೈಬ್ರರಿಯಲ್ಲಿ ಕೂತಿರುವ ಹುಡುಗ ಹುಡುಗಿಯರ ಜೊತೆ ಇವತ್ತು ಮಾತಾಡಬೇಕು. ಅದರಲ್ಲೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರ ಜೊತೆ. ಲೆಕ್ಕ ಮಾಡ್ತೀವಿ ಸಾರ್, ರೀಸನಿಂಗ್ ಮಾಡ್ತೀವಿ, ಇಂಗ್ಲಿಷ್ ಅಂದರೆ ಮಾತ್ರ ಭಯ ಅಂತ ಎಷ್ಟೋ ಜನ ಹೇಳುತ್ತಾರೆ.

ಭಯ ಬಿಡಿ ಅಂತ ಸುಮ್ನೆ ಹೇಳಿದರೆ ಹೋಗುವುದಿಲ್ಲ. ಯಾಕೆಂದರೆ ಅಂಕಗಳು ಅಲ್ಲಿವೆ. ಡಿಗ್ರಿ ಮುಗಿಸಿದವರು ಬರೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆ ಇದ್ದರೆ ಅದರಲ್ಲಿ 25 ಇಂಗ್ಲಿಷಿನವು. ಒಂದಕ್ಕೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ಐಬಿಪಿಎಸ್ ನಡೆಸುವ ಬ್ಯಾಂಕ್ ಪಿಒ, ಅಂದರೆ ಪ್ರೊಬೇಷನರಿ ಆಫೀಸರ್ ಪರೀಕ್ಷೆಯ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ. ಉಳಿದ ವಿಷಯ ಎಷ್ಟೇ ಚೆನ್ನಾಗಿ ಮಾಡಿದರೂ ಇಲ್ಲಿ ಜಾರಿದವರು ಕಟ್ ಆಫ್ ಹತ್ತಿರ ಬಂದು ನಿಂತುಬಿಡುತ್ತಾರೆ.

ಹಾಗಂತ ನೂರಾರು ರೂಲ್ಸ್ ಇರುವ ಪಟ್ಟಿ ತಂದು ಉರು ಹೊಡೆಯಲು ಹೋಗಬೇಡಿ. ನನ್ನ ಅನುಭವದಲ್ಲಿ ಆ ಪಟ್ಟಿಗಳಿಂದ ಉಪಕಾರಕ್ಕಿಂತ ಗಾಬರಿಯೇ ಜಾಸ್ತಿ. ನಿಮಗೆ ಕನ್ನಡ ಗೊತ್ತು. ಒಂದು ವಾಕ್ಯ ಸರಿ ಇಲ್ಲ ಅಂತ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಅಲ್ಲಿಂದ ಶುರು ಮಾಡೋಣ.

"ಹುಡುಗರಲ್ಲಿ ಒಬ್ಬ ಬಂದ." ಇದನ್ನು ಯಾರಾದರೂ "ಹುಡುಗರಲ್ಲಿ ಒಬ್ಬ ಬಂದರು" ಅಂತಾರಾ? ಇಲ್ಲ. ಇಂಗ್ಲಿಷಿನಲ್ಲೂ ಅಷ್ಟೇ. "ಒನ್ ಆಫ್ ದ ಬಾಯ್ಸ್ ಹ್ಯಾಸ್ ಕಮ್." ಬಾಯ್ಸ್ ಬಹುವಚನ, ಹ್ಯಾಸ್ ಏಕವಚನ. "ಪ್ರತಿಯೊಬ್ಬ ಹುಡುಗನೂ ಬಂದ" ಅಂತೀವಿ, ಬಂದರು ಅನ್ನಲ್ಲ, ಅದಕ್ಕೇ ಈಚ್, ಎವ್ರಿ ಬಂದರೆ ಕ್ರಿಯಾಪದ ಏಕವಚನ. "ಲಕ್ಷ್ಮಿ ಮಕ್ಕಳ ಜೊತೆ ಬಂದಳು." ಮಕ್ಕಳು ನಾಲ್ಕು ಜನ ಇದ್ದರೂ ಬಂದಳು ಅಂತಲೇ ಹೇಳುತ್ತೀವಿ, ಅಲ್ವಾ? "ಲಕ್ಷ್ಮಿ, ಅಲಾಂಗ್ ವಿತ್ ಹರ್ ಚಿಲ್ಡ್ರನ್, ಹ್ಯಾಸ್ ಕಮ್." ಆ್ಯಸ್ ವೆಲ್ ಆ್ಯಸ್, ಟುಗೆದರ್ ವಿತ್, ಎಲ್ಲವೂ ಇದೇ ದಾರಿ.

ಹಾಗಾದರೆ ಇಷ್ಟು ಗೊತ್ತಿದ್ದವರು ಪರೀಕ್ಷೆಯಲ್ಲಿ ಯಾಕೆ ತಪ್ಪುತ್ತಾರೆ? ಪದಗಳು ಕೂರುವ ಜಾಗದಿಂದ. "ಮಂಡ್ಯದ ನಾಲೆಗಳ ನೀರು ತಿಳಿಯಾಗಿದೆ" ಅನ್ನುವ ವಾಕ್ಯ ತೆಗೆದುಕೊಳ್ಳಿ. ಕನ್ನಡದಲ್ಲಿ ಮುಖ್ಯವಾದ ಪದ, ಅಂದರೆ ನೀರು, ಮಿಕ್ಕವೆಲ್ಲ ಮುಗಿದ ಮೇಲೆ ಬರುತ್ತೆ, ಕ್ರಿಯಾಪದದ ಹತ್ತಿರವೇ ಇರುತ್ತೆ, ಹಾಗಾಗಿ ತಪ್ಪಲು ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಅದು ಎಲ್ಲಕ್ಕಿಂತ ಮೊದಲು ಬಂದುಬಿಡುತ್ತೆ. "ದ ವಾಟರ್ ಇನ್ ದ ಕೆನಾಲ್ಸ್ ಆಫ್ ಮಂಡ್ಯ ಈಸ್ ಕ್ಲಿಯರ್." ಮಧ್ಯೆ ಕೆನಾಲ್ಸ್ ಅನ್ನುವ ಬಹುವಚನ ಕೂತಿದೆ. ಪ್ರಶ್ನೆ ತೆಗೆಯುವವರು ಬೇಕಂತಲೇ ಅಲ್ಲಿ "ಆರ್" ಹಾಕಿರುತ್ತಾರೆ, ಓದುವವರ ಕಣ್ಣು ಪಕ್ಕದ ಕೆನಾಲ್ಸ್ ನೋಡಿ ಸರಿ ಅಂದುಕೊಂಡು ಮುಂದೆ ಹೋಗುತ್ತೆ. ಉದ್ದನೆಯ ವಾಕ್ಯ ಬಂದಾಗ ಮೊದಲು ಕ್ರಿಯಾಪದ ಹಿಡಿಯಿರಿ. ಏನು ತಿಳಿಯಾಗಿದೆ ಅಂತ ಕನ್ನಡದಲ್ಲೇ ಕೇಳಿಕೊಳ್ಳಿ. ನೀರು. ಹಾಗಾದರೆ ಈಸ್.

ಇನ್ನು ಎ, ಆ್ಯನ್ ವಿಷಯ. ಎ, ಇ, ಐ, ಓ, ಯು ಮುಂದೆ ಆ್ಯನ್ ಅಂತ ಸ್ಕೂಲಲ್ಲಿ ಕಲಿತಿರುತ್ತೀರಿ. ಅದು ಅರ್ಧ ಮಾತ್ರ ಸರಿ. ಲೆಕ್ಕಕ್ಕೆ ಬರುವುದು ಅಕ್ಷರವಲ್ಲ, ಶಬ್ದ. ಇಲ್ಲಿ ನಿಮ್ಮ ಒಂದನೇ ಕ್ಲಾಸಿನ ಸ್ವರ, ವ್ಯಂಜನ ನೆನಪು ಮಾಡಿಕೊಳ್ಳಿ. ಆ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಯೂನಿವರ್ಸಿಟಿ ಅನ್ನುವುದು "ಯ"ದಿಂದ ಶುರು, ವ್ಯಂಜನ, ಆದ್ದರಿಂದ ಎ ಯೂನಿವರ್ಸಿಟಿ. ಒಂದು ಗಂಟೆ ಅನ್ನುವ ಅರ್ಥದ ಅವರ್ "ಅ"ದಿಂದ ಶುರು, ಸ್ವರ, ಆದ್ದರಿಂದ ಆ್ಯನ್ ಅವರ್. ಎ ಕೆಎಸ್‌ಆರ್‌ಟಿಸಿ ಬಸ್, ಆದರೆ ಆ್ಯನ್ ಎಸ್‌ಎಸ್‌ಎಲ್‌ಸಿ ಸ್ಟೂಡೆಂಟ್. ಆ್ಯನ್ ಎಲ್‌ಐಸಿ ಏಜೆಂಟ್.

ನಮ್ಮ ಸೀಮೆಯವರು ಎಚ್ಚರ ವಹಿಸಬೇಕಾದ ಜಾಗಗಳೂ ಇವೆ. ಎಂಎಲ್ಎ ಅನ್ನುವುದನ್ನು ನಾವು ಯೆಮ್ಮೆಲ್ಲೆ ಅಂತೀವಿ, ಇಂಗ್ಲಿಷಿನಲ್ಲಿ ಅದು ಶುದ್ಧ "ಎ", ಆದ್ದರಿಂದ ಆ್ಯನ್ ಎಂಎಲ್ಎ. ಹೋಟೆಲನ್ನು ಓಟ್ಲು ಅಂತೀವಿ, ಇಂಗ್ಲಿಷಿನಲ್ಲಿ "ಹ" ಇದೆ, ಆದ್ದರಿಂದ ಎ ಹೋಟೆಲ್. ಒನ್ ಅನ್ನುವುದನ್ನು ಕನ್ನಡದಲ್ಲಿ "ಒ" ಹಾಕಿ ಬರೆದರೂ ಅದರ ಶಬ್ದ "ವ". ಎ ಒನ್ ರುಪೀ ಕಾಯಿನ್. ಹಳ್ಳಿ ಮಾತು ತಪ್ಪು ಅಂತ ಖಂಡಿತ ಹೇಳುತ್ತಿಲ್ಲ. ಮನೆಯಲ್ಲಿ ಹಾಗೇ ಮಾತಾಡಿ. ಪರೀಕ್ಷೆಯಲ್ಲಿ ಇಂಗ್ಲಿಷ್ ಶಬ್ದ ಯಾವುದು ಅಂತ ಒಂದು ಕ್ಷಣ ಯೋಚನೆ ಮಾಡಿದರೆ ಸಾಕು.

ಕನ್ನಡ ಸಹಾಯಕ್ಕೆ ಬರುವ ಇನ್ನೂ ಎರಡು ಜಾಗ ಹೇಳುತ್ತೇನೆ. "ನಾಳೆ ಮಳೆ ಬಂದರೆ ನಾನು ಬರುವುದಿಲ್ಲ." ಮಳೆ ಬರುವುದು ನಾಳೆ, ಆದರೂ "ಬಂದರೆ" ಅನ್ನುವಾಗ ಭವಿಷ್ಯತ್ ಕಾಲ ಇಲ್ಲ. ಇಂಗ್ಲಿಷಿನಲ್ಲೂ ಇಫ್ ಇರುವ ತುಂಡಿನಲ್ಲಿ ವಿಲ್ ಹಾಕುವುದಿಲ್ಲ. "ಇಫ್ ಇಟ್ ರೇನ್ಸ್, ಐ ವಿಲ್ ನಾಟ್ ಕಮ್." ಹಾಗೇ "ಮಳೆ ಬಂದರೂ ಕೆರೆ ತುಂಬಲಿಲ್ಲ" ಅಂದ ಮೇಲೆ ಮಧ್ಯದಲ್ಲಿ "ಆದರೆ" ಅಂತ ಮತ್ತೊಂದು ಸೇರಿಸುತ್ತೀವಾ? ಆಲ್ದೋ ಇದ್ದ ವಾಕ್ಯದಲ್ಲಿ ಬಟ್ ಹಾಕಬಾರದು ಅನ್ನುವುದು ಇದೇ.

ಈಗ ಕನ್ನಡ ದಾರಿ ತಪ್ಪಿಸುವ ಕಡೆ ನೋಡೋಣ. ನಮ್ಮ "ಇಂದ" ಎಲ್ಲದಕ್ಕೂ ಆಗುತ್ತೆ. 2022ರಿಂದ ಅಂತೀವಿ, ಎರಡು ವರ್ಷದಿಂದ ಅಂತಲೂ ಅಂತೀವಿ. ಇಂಗ್ಲಿಷಿನಲ್ಲಿ ಶುರುವಾದ ಸಮಯ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್. ಜೊತೆಗೆ ಕ್ರಿಯಾಪದವೂ ಬೇರೆ. "ಎರಡು ವರ್ಷದಿಂದ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ" ಅನ್ನುವುದು ನಮಗೆ ವರ್ತಮಾನ ಕಾಲ, ಅದಕ್ಕೇ "ಐ ಆ್ಯಮ್ ವರ್ಕಿಂಗ್ ಫ್ರಮ್ ಟೂ ಇಯರ್ಸ್" ಅಂತ ಬಾಯಿಗೆ ಬರುತ್ತೆ. ಬೇಕಾಗಿರುವುದು "ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಮೈಸೂರು ಫಾರ್ ಟೂ ಇಯರ್ಸ್."

ವಿಷಯದ ಬಗ್ಗೆ ಚರ್ಚೆ ಮಾಡಿದೆವು ಅಂತ ಡಿಸ್ಕಸ್ಡ್ ಅಬೌಟ್ ಬರೆಯುವುದು, ಊರಿಗೆ ತಲುಪಿದೆ ಅಂತ ರೀಚ್ಡ್ ಟು ಬರೆಯುವುದು, ಇವೂ ಅದೇ ಜಾತಿಯ ತಪ್ಪುಗಳು. ಡಿಸ್ಕಸ್, ರೀಚ್ ಎರಡಕ್ಕೂ ಮುಂದೆ ಅಬೌಟ್, ಟು ಏನೂ ಬೇಡ. ಆದರೆ ಮ್ಯಾರೀಡ್ ಟು, ಸೀನಿಯರ್ ಟು, ಪ್ರಿಫರ್ ಕಾಫಿ ಟು ಟೀ, ಇಲ್ಲೆಲ್ಲ ಟು ಬರುತ್ತೆ. ಇನ್‌ಫರ್ಮೇಶನ್, ಅಡ್ವೈಸ್, ಫರ್ನಿಚರ್, ಲಗೇಜ್‌ಗೆ ಕೊನೆಯಲ್ಲಿ ಎಸ್ ಬರುವುದಿಲ್ಲ. ಇವುಗಳಿಗೆ ಕಾರಣ ಹುಡುಕುತ್ತಾ ಕೂರಬೇಡಿ, ನೆನಪಿಟ್ಟುಕೊಂಡರೆ ಆಯಿತು.

ತಪ್ಪು ಹುಡುಕುವ ಪ್ರಶ್ನೆಗಳಲ್ಲಿ "ನೋ ಎರರ್" ಅನ್ನುವ ಆಯ್ಕೆಯೂ ಇರುತ್ತೆ. ಅದನ್ನು ಹಾಕಲು ತುಂಬಾ ಜನ ಹೆದರುತ್ತಾರೆ, ತಪ್ಪು ಇದ್ದೇ ಇರಬೇಕು ಅಂತ ಇಲ್ಲದ ತಪ್ಪನ್ನು ಹುಟ್ಟಿಸಿಕೊಂಡು ಇರುವ ಅಂಕ ಕಳೆದುಕೊಳ್ಳುತ್ತಾರೆ. ಕ್ರಿಯಾಪದ, ಅದರ ಕರ್ತೃ, ಕಾಲ, ಟು-ಫಾರ್-ಸಿನ್ಸ್, ಎ-ಆ್ಯನ್-ದ, ಇಷ್ಟು ನೋಡಿ ಎಲ್ಲವೂ ಸರಿ ಇದ್ದರೆ ಧೈರ್ಯವಾಗಿ "ನೋ ಎರರ್" ಹಾಕಿ.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳೇ ಸಾಕು. ಮಾಡಿದ ಮೇಲೆ ತಪ್ಪಾದ ವಾಕ್ಯಗಳನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಅದೇ ಮಾತನ್ನು ನೀವು ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ ಕನ್ನಡದಲ್ಲಿ ಬರೆಯಿರಿ. ಕನ್ನಡದ ರೂಢಿಯಿಂದ ತಪ್ಪಿತೋ, ಪದಗಳ ಜಾಗದಿಂದ ತಪ್ಪಿತೋ, ಕಾಣಿಸುತ್ತೆ. ಒಂದೇ ರೀತಿಯ ತಪ್ಪು ಮತ್ತೆ ಮತ್ತೆ ಕಂಡರೆ ಆ ವಾರ ಅದೊಂದನ್ನೇ ಓದಿ, ಬೇರೆಯದು ಆಮೇಲೆ. ನಮಸ್ಕಾರ.