ಅಣ್ಣಾ, ಗೀಸರ್ ಆಫ್ ಮಾಡಿದ್ಯಾ?

"ಅಣ್ಣಾ, ಗೀಸರ್ ಆಫ್ ಮಾಡಿದ್ಯಾ?"

ಬಾತ್‌ರೂಮ್ ಒಳಗಿಂದ ತಂಗಿ ಕೂಗಿದ್ದು. ತಲೆ ತುಂಬ ಶಾಂಪೂ ನೊರೆ, ಅಷ್ಟರಲ್ಲಿ ನೀರು ತಣ್ಣಗೆ. ನಾನು ಸ್ವಿಚ್ ಹತ್ತಿರವೂ ಹೋಗಿರಲಿಲ್ಲ. ಆದರೂ ಬೈಗುಳ ನನಗೇ.

ನಮಸ್ಕಾರ. ಇವತ್ತಿನ ವ್ಲಾಗ್‌ನಲ್ಲಿ ಪ್ರವಾಸ ಇಲ್ಲ, ಅಡುಗೆ ಇಲ್ಲ. ಬರೀ ಗೀಸರ್. ನೀವು ನೋಡುತ್ತಿರುವ ಇದೇ, ಗೋಡೆಗೆ ನೇತುಹಾಕಿರುವ 25 ಲೀಟರಿನ ಟ್ಯಾಂಕ್. ನೀರು ಕಾಯಿಸುವ ಕಾಯಿಲ್ 2 ಕಿಲೋವ್ಯಾಟ್‌ನದು. ಮೊದಲೆಲ್ಲ ಇಬ್ಬರ ಸ್ನಾನ ಆರಾಮಾಗಿ ಮುಗಿಯುತ್ತಿತ್ತು. ಈಗ ಎರಡನೆಯವರು ಒಳಗೆ ಹೋಗುವ ಹೊತ್ತಿಗೆ ಬಿಸಿನೀರು ಖಾಲಿ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಥರ್ಮೋಸ್ಟಾಟ್ ತಿರುಪನ್ನು 60 ಡಿಗ್ರಿಯಿಂದ 75ಕ್ಕೆ ಏರಿಸಿದೆ. ಎರಡು ದಿನ ಪರವಾಗಿಲ್ಲ ಅನ್ನಿಸಿತು. ಮೂರನೆಯ ದಿನ ಬಿಸಿ ನಲ್ಲಿ ಕೆಳಗೆ ಕೈ ಇಟ್ಟು ಸುಟ್ಟುಕೊಂಡೆ. ಅಷ್ಟು ಬಿಸಿ ಇಟ್ಟರೆ ಗಡಸು ನೀರಿನ ಸುಣ್ಣವೂ ಕಾಯಿಲ್ ಮೇಲೆ ಬೇಗ ಕಟ್ಟುತ್ತದೆ. ತೆಪ್ಪಗೆ ಮತ್ತೆ 60ಕ್ಕೆ ಇಳಿಸಿದೆ. ಅದಕ್ಕಿಂತ ತೀರಾ ಕೆಳಗೂ ಬೇಡ. ಬೆಚ್ಚಗಿನ ನೀರು ನಿಂತೇ ಇದ್ದರೆ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೆ ಹಬ್ಬ.

ಆಮೇಲೆ ಕೂತು ಯೋಚನೆ ಮಾಡಿದೆ. ನೀರು ಕಾಯುತ್ತಲೇ ಇಲ್ಲ ಅನ್ನೋದು ಒಂದು ದೂರು. ಕಾದ ನೀರು ಬೇಗ ಮುಗಿಯುತ್ತಿದೆ ಅನ್ನೋದು ಇನ್ನೊಂದು. ನಮ್ಮದು ಎರಡನೆಯದು. ಮೊದಲ ಮಗ್ ಸುಡುಸುಡು ಇರುತ್ತದೆ. ಅಂದ ಮೇಲೆ ಕಾಯಿಲ್ ಮೇಲೆ ಅನುಮಾನ ಪಡೋದು ಯಾಕೆ?

ಅನುಮಾನ ಪೂರ್ತಿ ಹೋಗಲಿ ಅಂತ ಒಂದು ಲೆಕ್ಕ ಹಾಕಿದೆ. ಒಳಬರುವ ನೀರು 24 ಡಿಗ್ರಿ. ಅದನ್ನು 60ಕ್ಕೆ ಏರಿಸಬೇಕು. 25 ಲೀಟರಿಗೆ ಹೆಚ್ಚುಕಡಿಮೆ 1 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಕಾಯಿಲ್‌ಗೆ ಅದು ಅರ್ಧ ಗಂಟೆಯ ಕೆಲಸ. ಟ್ಯಾಂಕನ್ನು ಪೂರ್ತಿ ತಣ್ಣಗೆ ಮಾಡಿ, ಸ್ವಿಚ್ ಹಾಕಿ, ಮೊಬೈಲ್‌ನಲ್ಲಿ ಟೈಮರ್ ಇಟ್ಟೆ. ಕೆಂಪು ದೀಪ ಆರಿದ್ದು 33ನೇ ನಿಮಿಷಕ್ಕೆ. ಕಾಯಿಲ್ ಸರಿಯಾಗಿದೆ.

ಇಲ್ಲಿ ಒಂದು ಮಾತು. ಕೆಲವೊಮ್ಮೆ ಗೀಸರ್‌ನಲ್ಲಿ ಏನೂ ತೊಂದರೆ ಇರೋದಿಲ್ಲ, ಚಳಿಯದ್ದೇ ಕಾರುಬಾರು. 60 ಡಿಗ್ರಿಯ 25 ಲೀಟರಿಗೆ 24 ಡಿಗ್ರಿಯ ತಣ್ಣೀರು ಬೆರೆಸಿದರೆ, ಮೈಗೆ ಹಿತವಾದ 40 ಡಿಗ್ರಿಯ ನೀರು ಸುಮಾರು 56 ಲೀಟರ್ ಸಿಗುತ್ತದೆ. ಚಳಿಗಾಲದಲ್ಲಿ ತಣ್ಣೀರು 14 ಡಿಗ್ರಿಗೆ ಇಳಿದರೆ ಸಿಗೋದು 44 ಲೀಟರ್ ಮಾತ್ರ. ಹೊಸ ಶವರ್ ಹಾಕಿಸಿದ್ದರೂ ಹೀಗಾಗಬಹುದು. ಅದರ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬೀಳುತ್ತದೆ ನೋಡಿ. ನಮ್ಮಲ್ಲಿ ಶವರ್ ಹಳೆಯದೇ, ನೀರೂ ಅಂಥ ತಣ್ಣಗಿಲ್ಲ. ಹಾಗಾಗಿ ಮುಂದೆ ಹೋದೆ.

ಈಗ ಬಕೆಟ್ ಪರೀಕ್ಷೆ. ಕ್ಯಾಮೆರಾ ಮೇಲೆ ಹಬೆ ಕೂತು ಸ್ವಲ್ಪ ಮಸುಕಾಗಿದೆ, ಸಹಿಸಿಕೊಳ್ಳಿ. ದೀಪ ಆರಿದ ಮೇಲೆ ಸ್ವಿಚ್ ಆಫ್ ಮಾಡಿದೆ. ಇಲ್ಲದಿದ್ದರೆ ಅದು ನಡುವೆ ಮತ್ತೆ ಕಾಯಿಸಲು ಶುರು ಮಾಡಿ ಲೆಕ್ಕ ಕೆಡಿಸುತ್ತದೆ. ಬರೀ ಬಿಸಿ ನಲ್ಲಿ ತೆರೆದು, ಪೈಪ್‌ನಲ್ಲಿ ನಿಂತಿದ್ದ ತಣ್ಣೀರನ್ನು ಬಿಟ್ಟು, ಆಮೇಲೆ ಪ್ರತಿ 5 ಲೀಟರಿಗೊಮ್ಮೆ ನಲ್ಲಿಯ ಧಾರೆಗೆ ಥರ್ಮಾಮೀಟರ್ ಹಿಡಿದೆ. 5 ಲೀಟರಿಗೆ 53 ಡಿಗ್ರಿ. 10ಕ್ಕೆ 48. 15ಕ್ಕೆ 44. 20ಕ್ಕೆ 40.

ಈ ಇಳಿಕೆಯನ್ನು ನೋಡಿ. ಮೆಟ್ಟಿಲು ಇಳಿದ ಹಾಗೆ ನಿಧಾನವಾಗಿ ಇಳಿಯುತ್ತಿದೆ. ಆರೋಗ್ಯವಾಗಿರುವ ಗೀಸರ್ ಹೀಗೆ ಮಾಡೋದಿಲ್ಲ. ಬಿಸಿನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಭಾರ, ತಳಕ್ಕೆ ಬಂದು ಸೇರಿಕೊಂಡು ಬಿಸಿಯನ್ನು ಮೇಲಿಂದ ಹೊರಗೆ ತಳ್ಳುತ್ತದೆ. ಹಾಗಾಗಿ ಟ್ಯಾಂಕಿನ ಬಹುಪಾಲು ನೀರು ಒಂದೇ ಬಿಸಿಯಲ್ಲಿ ಬರಬೇಕು, ಕೊನೆಗೆ ದಢಾರ್ ಅಂತ ತಣ್ಣಗಾಗಬೇಕು. ಶುರುವಿನಿಂದಲೇ ಬಿಸಿ ಕರಗುತ್ತಿದೆ ಅಂದರೆ ಎಲ್ಲೋ ತಣ್ಣೀರು ಬೆರೆಯುತ್ತಿದೆ. ಹೀಗೆ ಬೆರೆತರೆ 40 ಡಿಗ್ರಿಯ ನೀರು 56 ಲೀಟರ್ ಎಲ್ಲಿ ಬಂತು, 30ಕ್ಕೆ ಮುಗೀತು. ಹೆಚ್ಚುಕಡಿಮೆ ಒಬ್ಬರ ಸ್ನಾನ!

ಎರಡು ಕಾಯಿಲ್ ಇರುವ ದೊಡ್ಡ ಟ್ಯಾಂಕುಗಳ ಕಥೆ ಬೇರೆ. ಅಲ್ಲಿ ಕೆಳಗಿನ ಕಾಯಿಲ್ ಹೋದರೆ ಮೇಲಿನ ಭಾಗ ಮಾತ್ರ ಕಾಯುತ್ತದೆ. ಆ ನೀರು ಚೆನ್ನಾಗಿ ಬಿಸಿಯಾಗಿಯೇ ಬಂದು ಬೇಗ ಮುಗಿದುಹೋಗುತ್ತದೆ.

ಬೆರೆಯೋದು ಎಲ್ಲಿ? ಎರಡು ಜಾಗ ಇರಬಹುದು. ಟ್ಯಾಂಕಿನ ಹೊರಗೆ ಆದರೆ, ಬಿಸಿನೀರು ತಣ್ಣೀರು ಬೆರೆಸಿ ಕೊಡುವ ಮಿಕ್ಸರ್ ಕೊಳಾಯಿ. ಅದರ ಒಳಗೆ ನೀರಿನ ದಾರಿ ತೆರೆದು ಮುಚ್ಚುವ ಕಾರ್ಟ್ರಿಡ್ಜ್ ಸವೆದರೆ ತಣ್ಣೀರು ಕಳ್ಳದಾರಿಯಲ್ಲಿ ಬಿಸಿ ಪೈಪ್‌ಗೆ ನುಗ್ಗುತ್ತದೆ. ಇದನ್ನು ಹಿಡಿಯೋದು ಸುಲಭ. ಗೀಸರ್‌ಗೆ ನೀರು ಹೋಗುವ ವಾಲ್ವ್ ಮುಚ್ಚಿ, ಬಿಸಿ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಅದು ಗೀಸರ್‌ನಿಂದ ಬರುತ್ತಿರುವ ನೀರಲ್ಲ. ನಮ್ಮಲ್ಲಿ ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಅಲ್ಲಿಗೆ ಮಿಕ್ಸರ್ ಪಾರು, ತಪ್ಪು ಟ್ಯಾಂಕಿನ ಒಳಗಿದೆ.

ಇಲ್ಲಿಂದ ಮುಂದಿನದನ್ನು ನಾನು ಮಾಡಲಿಲ್ಲ, ನೋಡಿದೆ ಅಷ್ಟೇ. ಕರೆಂಟ್ ಮತ್ತು ನೀರು ಒಟ್ಟಿಗಿರುವ ಡಬ್ಬಿ ಇದು, ನನಗೆ ಜೀವದ ಆಸೆ ಇದೆ. ರಿಪೇರಿಯವರು ಬಂದು ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದರು, ಟೆಸ್ಟರ್ ಹಿಡಿದು ನೋಡಿದರು, ನೀರು ಆರುವ ತನಕ ಕಾದು ಟ್ಯಾಂಕ್ ಖಾಲಿ ಮಾಡಿದರು. ಆಮೇಲೆ ತಳದ ಮುಚ್ಚಳ, ಅಂದರೆ ಫ್ಲಾಂಜ್, ಬಿಚ್ಚಿದರು.

ಈ ಶಾಟ್ ನನಗೆ ತುಂಬ ಇಷ್ಟ. ಬಕೆಟ್‌ಗೆ ಬಿದ್ದದ್ದು ಒದ್ದೆ ಮರಳಿನಂಥ ಬಿಳಿ ಸುಣ್ಣ, ನಡುವೆ ಮೊಟ್ಟೆಯ ಚಿಪ್ಪಿನಂಥ ಚೂರುಗಳು. ಕಾಯಿಲ್ ಮೇಲೂ ಅದೇ ಚಿಪ್ಪು. ಪಕ್ಕದ ಮೆಗ್ನೀಸಿಯಂ ಆನೋಡ್ ರಾಡ್ ಸವೆದು ಬಳಪದ ಕಡ್ಡಿಯಷ್ಟಾಗಿತ್ತು. ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನೇ ಕರಗುವ ಬಡಪಾಯಿ ಅದು. ನಾನು ಸುಣ್ಣವೇ ಕಳ್ಳ ಅಂದುಕೊಂಡು ಬೀಗುತ್ತಿದ್ದೆ. ಅವರು ಬಕೆಟ್‌ಗೆ ಕೈ ಹಾಕಿ ಕೆದಕಿ, ಬೆರಳ ತುದಿಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಟೋಪಿ ಎತ್ತಿ ತೋರಿಸಿದರು.

"ಸರ್, ಇದು ಪೈಪ್ ಮೇಲೆ ಇರಬೇಕಿತ್ತು."

ಇಂಥ ಟ್ಯಾಂಕಿನಲ್ಲಿ ತಣ್ಣೀರು ತಳದಿಂದಲೇ ಒಳಗೆ ಬರುತ್ತದೆ. ಆ ಪೈಪ್‌ನ ತುದಿಗೆ ಈ ಟೋಪಿ ಕೂತಿರುತ್ತದೆ. ನೀರು ಮೇಲಕ್ಕೆ ಚಿಮ್ಮದೆ ಅಕ್ಕಪಕ್ಕ ಹರಡಲಿ ಅಂತ. ನಮ್ಮದರ ಟೋಪಿ ಸೀಳು ಬಿಟ್ಟು ಕಳಚಿ ಬಿದ್ದಿತ್ತು. ನಲ್ಲಿ ತೆರೆದಾಗಲೆಲ್ಲ ಟ್ಯಾಂಕಿನ ಒಳಗೆ ಒಂದು ಕಾರಂಜಿ! ಮೇಲೆ ನಿಂತಿದ್ದ ಬಿಸಿನೀರನ್ನೆಲ್ಲ ಕಲಕಿ ಹಾಕುತ್ತಿತ್ತು. ಬೆರಳ ಗಾತ್ರದ ವಸ್ತುವಿಗೋಸ್ಕರ ನಾನು ಹೊಸ ಗೀಸರ್ ಬೆಲೆ ನೋಡಲು ಶುರು ಮಾಡಿದ್ದೆ, ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ತಣ್ಣೀರನ್ನು ಮೇಲಿಂದ ತಳಕ್ಕೆ ಇಳಿಸುವ ಉದ್ದನೆಯ ಪೈಪ್ ಇರುವ ಟ್ಯಾಂಕುಗಳಲ್ಲಿ ಆ ಪೈಪ್ ಮುರಿದರೂ ಹೀಗೇ ಆಗುತ್ತದೆ.

ಹೊಸ ಟೋಪಿ, ಹೊಸ ಆನೋಡ್ ರಾಡ್, ಹೊಸ ಗ್ಯಾಸ್ಕೆಟ್ ಹಾಕಿದರು. ಸುಣ್ಣ ಕೆರೆದರು. ಕೊನೆಗೆ ಟ್ಯಾಂಕ್ ತುಂಬಿ ಬಿಸಿ ನಲ್ಲಿಯಲ್ಲಿ ನೀರು ಬರುವ ತನಕ ಸ್ವಿಚ್ ಮುಟ್ಟಲು ಬಿಡಲಿಲ್ಲ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಉರಿದರೆ ಸುಟ್ಟೇ ಹೋಗುತ್ತದೆ.

ಮತ್ತೆ ಅದೇ ಬಕೆಟ್, ಅದೇ ಥರ್ಮಾಮೀಟರ್. 5 ಲೀಟರಿಗೆ 59. 10ಕ್ಕೆ 59. 15ಕ್ಕೆ 58. 20ಕ್ಕೆ 51.

ಮಾರನೆಯ ದಿನ ಬೇಕು ಅಂತಲೇ ನಾನು ಮೊದಲು ಸ್ನಾನಕ್ಕೆ ಹೋದೆ, ಆಮೇಲೆ ತಂಗಿ. ಬಾಗಿಲ ಹೊರಗೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದೇನೆ. ಐದು ನಿಮಿಷ ಆಯಿತು, ಸದ್ದಿಲ್ಲ. ಹತ್ತು ಆಯಿತು. ಕೊನೆಗೂ ಕೂಗಿದಳು.

"ಅಣ್ಣಾ, ಟವೆಲ್ ಮರೆತೆ!"