ಚದುರಂಗದ ಯಂತ್ರಗಳಿಗೊಂದು ತಕ್ಕಡಿ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಭತ್ತದ ಸೀಮೆಯವರಾದ ನಮಗೆ ‘ಬೆಂದ ಅನ್ನಕ್ಕೆ ಒಂದಗುಳು ಸಾಕ್ಷಿ’ ಎಂಬ ಮಾತು ಬಾಯಿಪಾಠ. ಸಿಂಧನೂರಿನಲ್ಲಾಗಲಿ ಗಂಗಾವತಿಯಲ್ಲಾಗಲಿ, ಮಾರುಕಟ್ಟೆಗೆ ಬಂದ ಚೀಲದ ಮಗ್ಗುಲಿಗೆ ಕೊಳವೆ ಚುಚ್ಚಿ, ಹಿಡಿಯಷ್ಟು ಭತ್ತವನ್ನು ಅಂಗೈಗೆ ಸುರಿದುಕೊಂಡು, ಉಜ್ಜಿ ಊದಿ ನೋಡಿದ ವ್ಯಾಪಾರಿ ಅಷ್ಟೂ ಚೀಲಗಳಿಗೆ ಬೆಲೆ ಹೇಳಿಬಿಡುತ್ತಾನೆ. ಚೀಲದೊಳಗಿನ ಕಾಳುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿರುವುದರಿಂದ ಅವನಿಗೆ ಆ ಧೈರ್ಯ. ಇಂದು ನಾನು ಹೇಳಹೊರಟಿರುವ ವಿಷಯದಲ್ಲಿ ಆ ಅನುಕೂಲವಿಲ್ಲ. ಕಂಪ್ಯೂಟರಿನಲ್ಲಿ ಚದುರಂಗವಾಡುವ ತಂತ್ರಾಂಶಗಳನ್ನು ಚೆಸ್ ಎಂಜಿನ್ ಎಂದು ಕರೆಯುತ್ತಾರೆ. ಅವುಗಳ ಬಲವನ್ನು ಅಳೆದು, ಯಾವುದು ಮೇಲು ಯಾವುದು ಕೆಳಗು ಎಂದು ಸಾಲುಗಟ್ಟಿ ನಿಲ್ಲಿಸುವ ಕೆಲಸವೇ ಈ ಭಾಷಣದ ವಸ್ತು. ಇಲ್ಲಿ ಒಂದಗುಳು ಸಾಲದು. ಕೆಲವೊಮ್ಮೆ ಇಡೀ ಗಡಿಗೆಯ ಅನ್ನವನ್ನು ಹಿಸುಕಿ ನೋಡಿದರೂ ಬೆಂದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ರಾಯಚೂರಿನ ನಮ್ಮ ಮನೆಯಲ್ಲಿ ಒಂದು ಸಾಧಾರಣ ಕಂಪ್ಯೂಟರಿದೆ. ರಾತ್ರಿ ಮಲಗುವ ಮುನ್ನ ಅದರಲ್ಲಿ ಎರಡು ಎಂಜಿನ್‌ಗಳನ್ನು ಎದುರುಬದುರು ಕೂರಿಸಿ, ಬೆಳಗಾದ ಮೇಲೆ ಹಲ್ಲುಜ್ಜುವುದಕ್ಕೂ ಮೊದಲು ಅಂಕಪಟ್ಟಿ ನೋಡುವುದು ನನ್ನ ಹಲವು ವರ್ಷಗಳ ಚಟ. ಮನೆಯವರ ಕಣ್ಣಿಗೆ ಇದಕ್ಕೂ ಕೋಳಿ ಅಂಕಕ್ಕೂ ವ್ಯತ್ಯಾಸವಿಲ್ಲ. ಆದರೆ ಚೆಸ್ ಕಲಿಯಲು ಹೋಗುವ ನನ್ನ ಸೋದರಳಿಯ ಒಂದು ದಿನ ಕೇಳಿದ ಪ್ರಶ್ನೆ ನೆಟ್ಟಗೆ ವಿಷಯದ ನಡುವಿಗೇ ಬರುತ್ತದೆ. “ಮಾಮಾ, ವಿಶ್ವ ಚಾಂಪಿಯನ್ ಆಗಿದ್ದ ಕಾರ್ಲ್‌ಸನ್‌ಗೆ ಅತಿ ಹೆಚ್ಚು ಅಂದ್ರೆ 2882 ರೇಟಿಂಗ್ ಇತ್ತಂತೆ. ಈ ಎಂಜಿನ್ನಿಗೆ ಪಟ್ಟಿಯೊಳಗ 3600ರ ಮ್ಯಾಲ ಐತಿ. ಹಂಗಾದ್ರ ಇಬ್ಬರ ನಡುವೆ 700ರ ಅಂತರ ಅಂತ ಬರೀಲೇನು?” ಬರೆಯಬಾರದು ಎಂದೆ. ಏಕೆ ಬರೆಯಬಾರದು ಎನ್ನುವುದನ್ನು ಅವನಿಗೆ ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ.

ಆಟಗಾರನ ಬಲವನ್ನು ಸೂಚಿಸುವ, ರೇಟಿಂಗ್ ಎಂಬ ಈ ಅಂಕಿಗಳ ಮೂಲದಲ್ಲಿರುವವರು ಅರ್ಪದ್ ಎಲೋ. 1903ರಲ್ಲಿ ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿ ನಗರದ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು ರೂಪಿಸಿದ ಲೆಕ್ಕವನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿಯೂ, ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿಯೂ ಅಳವಡಿಸಿಕೊಂಡವು. ಲೆಕ್ಕದ ತಿರುಳು ಸರಳ. ಇಬ್ಬರು ಆಟಗಾರರ ರೇಟಿಂಗ್ ಸಮವಾಗಿದ್ದರೆ ಇಬ್ಬರಿಂದಲೂ ಶೇಕಡಾ 50ರಷ್ಟು ಅಂಕ ನಿರೀಕ್ಷಿತ; 100ರ ಅಂತರವಿದ್ದರೆ ಬಲಶಾಲಿಯಿಂದ ಶೇಕಡಾ 64, 200ರ ಅಂತರವಿದ್ದರೆ 76, 400ರ ಅಂತರವಿದ್ದರೆ ಸುಮಾರು 91. ಗೆಲುವಿಗೆ ಒಂದು, ಡ್ರಾಗೆ ಅರ್ಧ ಎಂಬುದು ನಿಮಗೆ ಗೊತ್ತೇ ಇದೆ. ಈ ಲೆಕ್ಕದಲ್ಲಿ ಬೆಲೆಯಿರುವುದು ಅಂತರಕ್ಕೆ ಮಾತ್ರ. ಒಂದು ಗುಂಪಿನ ಎಲ್ಲರ ರೇಟಿಂಗಿಗೂ ಸಾವಿರ ಕೂಡಿಸಿದರೂ, ಎಲ್ಲರದರಿಂದಲೂ ಸಾವಿರ ಕಳೆದರೂ ಯಾವ ನಿರೀಕ್ಷೆಯೂ ಕೂದಲೆಳೆಯಷ್ಟು ಬದಲಾಗುವುದಿಲ್ಲ. ಕಾರ್ಲ್‌ಸನ್ ಅವರ 2882 ಮನುಷ್ಯರು ಮನುಷ್ಯರೊಡನೆ ಆಡಿ ಗಳಿಸಿದ ಅಂಕಿ. ಎಂಜಿನ್ನಿನ 3600 ಎಂಜಿನ್‌ಗಳು ಎಂಜಿನ್‌ಗಳೊಡನೆ ಆಡಿ ಗಳಿಸಿದ್ದು. ಎರಡು ಗುಂಪುಗಳ ನಡುವೆ ಇಂದು ಗಂಭೀರ ಪಂದ್ಯಗಳೇ ನಡೆಯುವುದಿಲ್ಲವಾದ್ದರಿಂದ, ಒಂದರಿಂದ ಇನ್ನೊಂದನ್ನು ಕಳೆಯುವುದು ಕೃಷ್ಣೆಯ ನೀರಿನ ಮಟ್ಟದಿಂದ ಬಾವಿಯ ಹಗ್ಗದ ಉದ್ದವನ್ನು ಕಳೆದ ಹಾಗೆ. ಎಂಜಿನ್ ಮನುಷ್ಯನಿಗಿಂತ ಬಲಶಾಲಿ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಎಷ್ಟು ಎಂಬುದಕ್ಕೆ ಮಾತ್ರ ಕೋಲು ಇಲ್ಲ.

ಆ ಅನುಮಾನ ತೀರಿದ್ದು ಯಾವಾಗ ಎಂದು ಕೇಳಿದರೆ ಎಲ್ಲರೂ 1997ರ ಮೇ ತಿಂಗಳನ್ನು ತೋರಿಸುತ್ತಾರೆ. ನ್ಯೂಯಾರ್ಕಿನಲ್ಲಿ ಐಬಿಎಂ ಸಂಸ್ಥೆಯ ಡೀಪ್ ಬ್ಲೂ ಯಂತ್ರ ಅಂದಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಮೂರೂವರೆಗೆ ಎರಡೂವರೆ ಅಂಕಗಳಿಂದ ಸೋಲಿಸಿತು. ಅದಕ್ಕೂ ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಅದರ ಹಿಂದಿನ ರೂಪವನ್ನು ಕಾಸ್ಪರೋವ್ ನಾಲ್ಕಕ್ಕೆ ಎರಡರಂತೆ ಮಣಿಸಿದ್ದರು. ಚರಿತ್ರೆಯಾಗಿ ಇದು ದೊಡ್ಡ ಘಟನೆ. ಅಳತೆಯಾಗಿ ನೋಡಿದರೆ ಆರೇ ಆರು ಆಟ. ಕೊನೆಯ ಆಟವೊಂದು ಬೇರೆಯಾಗಿದ್ದರೆ ಪಂದ್ಯವೇ ಬೇರೆಯಾಗುತ್ತಿತ್ತು ಎಂಬಂಥ ಫಲಿತಾಂಶದಿಂದ ಯಾರ ಬಲವನ್ನೂ ಅಂಕಿಗೆ ಇಳಿಸಲಾಗದು ಎಂದು ನಾನು ಹೇಳಿದರೆ, ಚೆಸ್ ಬಲ್ಲ ಗೆಳೆಯರು ಕೆಲವರು ಈಗಲೂ ಮುನಿಸಿಕೊಳ್ಳುತ್ತಾರೆ.

ಹಾಗಾದರೆ ಎಷ್ಟು ಆಟ ಬೇಕು? ಒಂದು ಎಂಜಿನ್ನಿನಲ್ಲಿ ಏನೋ ಒಂದು ಸಣ್ಣ ಮಾರ್ಪಾಟು ಮಾಡಿ, ಹೊಸದನ್ನೂ ಹಳೆಯದನ್ನೂ ನೂರು ಆಟ ಆಡಿಸಿದೆವು ಎಂದುಕೊಳ್ಳೋಣ. ಹೊಸದಕ್ಕೆ 55, ಹಳೆಯದಕ್ಕೆ 45 ಬಂತು. ಎಲೋ ಲೆಕ್ಕದಲ್ಲಿ ಇದು 35 ಅಂಕಗಳ ಮುನ್ನಡೆ. ಆದರೆ ಅರ್ಧದಷ್ಟು ಆಟಗಳು ಡ್ರಾ ಆಗುತ್ತವೆ ಎಂದು ಹಿಡಿದರೂ, ನೂರು ಆಟಗಳ ಫಲಿತಾಂಶ ಕೇವಲ ಅದೃಷ್ಟದ ಮೇಲೆ ಸುಮಾರು 48 ಅಂಕಗಳಷ್ಟು ಆಚೀಚೆ ತೂಗಾಡಬಲ್ಲದು. ಎಂದರೆ ನಿಜವಾದ ಅಂತರ 83ರ ಮುನ್ನಡೆಯೂ ಇರಬಹುದು, 13ರ ಹಿನ್ನಡೆಯೂ ಇರಬಹುದು. ಗೆದ್ದಿತೆಂದು ಬೀಗಿದ ಹೊಸ ರೂಪ ಹಳೆಯದಕ್ಕಿಂತ ಕಳಪೆಯಾಗಿರುವ ಸಾಧ್ಯತೆ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಸಾವಿರ ಆಟ ಆಡಿಸಿದರೆ ಈ ತೂಗಾಟ 15 ಅಂಕಕ್ಕೆ, ಹತ್ತು ಸಾವಿರ ಆಡಿಸಿದರೆ ಸುಮಾರು 5ಕ್ಕೆ ಇಳಿಯುತ್ತದೆ. ತೂಗಾಟವನ್ನು ಅರ್ಧ ಮಾಡಬೇಕಾದರೆ ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು. ಇದು ಯಾರ ಮುಲಾಜಿಗೂ ಬಗ್ಗದ ನಿಯಮ. ಇಂದಿನ ಶ್ರೇಷ್ಠ ಎಂಜಿನ್‌ಗಳಲ್ಲಿ ಒಂದು ಸುಧಾರಣೆಯಿಂದ ದೊರೆಯುವುದು ಬಹಳ ಸಲ ಒಂದೋ ಎರಡೋ ಅಂಕ. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಅಷ್ಟು ಕಲ್ಲು ಎತ್ತಿ ಅರೆಯದೆ ಆ ಕೆಲವು ಗ್ರಾಂ ಕೈಗೆ ಬರುವುದಿಲ್ಲ.

ಈ ಅರೆಯುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಸಾಧ್ಯವಾಗಿಸಿದ್ದು ಸ್ಟಾಕ್‌ಫಿಶ್ ಎಂಜಿನ್ನಿನ ಬಳಗ. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಬರೆದ ಗ್ಲೌರಂಗ್ ಎಂಬ ಎಂಜಿನ್ನನ್ನು ಆಧರಿಸಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ 2008ರಲ್ಲಿ ಸ್ಟಾಕ್‌ಫಿಶ್ ಅನ್ನು ಹೊರತಂದರು. 2013ರಲ್ಲಿ ಗ್ಯಾರಿ ಲಿನ್‌ಸ್ಕಾಟ್ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಟ್ಟರು. ಲೋಕದ ಮೂಲೆ ಮೂಲೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರಿನ ಬಿಡುವಿನ ಸಮಯವನ್ನು ಇದಕ್ಕೆ ಕೊಡುತ್ತಾರೆ. ಯಾರೇ ಒಂದು ಮಾರ್ಪಾಟು ಸೂಚಿಸಿದರೂ ಅದು ಮೊದಲು ಪ್ರತಿ ಕಡೆಗೆ ಹತ್ತು ಸೆಕೆಂಡು ಮತ್ತು ಪ್ರತಿ ನಡೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಿಗುವ ಮಿಂಚಿನ ಆಟಗಳಲ್ಲಿ ತೇರ್ಗಡೆಯಾಗಬೇಕು; ಬಳಿಕ ಅರವತ್ತು ಸೆಕೆಂಡಿನ ಆಟಗಳಲ್ಲಿ ಮತ್ತೊಮ್ಮೆ. ದೊಡ್ಡ ವಿದ್ವಾಂಸರು ಸೂಚಿಸಿದ್ದೆಂದು ಯಾವುದಕ್ಕೂ ರಿಯಾಯಿತಿ ಇಲ್ಲ. ಚೆಸ್‌ನ ದೃಷ್ಟಿಯಿಂದ ಬಲು ಸೊಗಸಾಗಿ ಕಾಣುವ ಎಷ್ಟೋ ವಿಚಾರಗಳು ಇಲ್ಲಿ ನೆಲಕಚ್ಚುತ್ತವೆ.

ಪರೀಕ್ಷೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿಯ ಸೂಕ್ಷ್ಮ. ತನ್ನ ಕಡೆ ಅಂಕ ಏರಿದ ಕ್ಷಣದಲ್ಲಿ ಆಟ ನಿಲ್ಲಿಸಿ ಗೆದ್ದೆ ಎನ್ನುವುದು ಇಸ್ಪೀಟಿನಲ್ಲಿ ನಡೆದೀತು, ಅಳತೆಯಲ್ಲಿ ನಡೆಯದು. ನಾನೂ ಮೊದಮೊದಲು ಅದನ್ನೇ ಮಾಡಿ, ಅಕಾಲದಲ್ಲಿ ಸಂಭ್ರಮಿಸಿದವನು. ಇದಕ್ಕೆ ಮದ್ದು ಸಿಕ್ಕಿದ್ದು ಯುದ್ಧಕಾಲದ ಸಂಖ್ಯಾಶಾಸ್ತ್ರದಲ್ಲಿ. ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದಲ್ಲಿ ಸರಕುಗಳ ಗುಣಮಟ್ಟ ಪರೀಕ್ಷೆಗೆಂದು ಅಬ್ರಹಾಂ ವಾಲ್ಡ್ ಒಂದು ವಿಧಾನ ರೂಪಿಸಿದರು. ಎಷ್ಟು ಮಾದರಿ ನೋಡಬೇಕೆಂದು ಮೊದಲೇ ಗೊತ್ತುಮಾಡುವ ಬದಲು, ಮೇಲೊಂದು ಕೆಳಗೊಂದು ಗೆರೆ ಎಳೆದು, ಪ್ರತಿ ಫಲಿತಾಂಶ ಬಂದ ಹಾಗೆ ಸಾಕ್ಷ್ಯದ ತೂಕವನ್ನು ಕೂಡಿಸುತ್ತ ಹೋಗುವುದು. ಮೇಲಿನ ಗೆರೆ ಮುಟ್ಟಿದರೆ ಅಂಗೀಕಾರ, ಕೆಳಗಿನದನ್ನು ಮುಟ್ಟಿದರೆ ತಿರಸ್ಕಾರ, ನಡುವೆ ಇರುವವರೆಗೂ ಪರೀಕ್ಷೆ ಮುಂದುವರಿಯುವುದು. ಎರಡೂ ಬಗೆಯ ತಪ್ಪಿಗೆ ಶೇಕಡಾ ಐದರಷ್ಟು ಮಾತ್ರ ಅವಕಾಶವೆಂದರೆ ಆ ಗೆರೆಗಳು ಕೂಡು 2.94 ಮತ್ತು ಕಳೆ 2.94ರಲ್ಲಿ ಬೀಳುತ್ತವೆ. ಫಿಶ್‌ಟೆಸ್ಟ್ ಬಳಸುವುದು ಇದನ್ನೇ, ನನ್ನ ಮೇಜಿನ ಮೇಲೆ ನಡೆಯುವುದೂ ಇದೇ. ವಾಲ್ಡ್ ಕೂಡ ಎಲೋ ಅವರಂತೆ ಅಂದಿನ ಹಂಗೇರಿಯಲ್ಲಿ, ಅವರಿಗಿಂತ ಒಂದು ವರ್ಷ ಮೊದಲು, 1902ರಲ್ಲಿ ಹುಟ್ಟಿದವರು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ನೀಡಲು ಬಂದಿದ್ದ ಅವರು 1950ರ ಡಿಸೆಂಬರಿನಲ್ಲಿ ನಮ್ಮ ನೀಲಗಿರಿಯ ಬೆಟ್ಟಗಳಲ್ಲಿ ವಿಮಾನ ಅಪಘಾತಕ್ಕೀಡಾಗಿ, ಪತ್ನಿಯೊಡನೆ ತೀರಿಕೊಂಡರು. ಊಟಿಗೆ ಹೋದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಆಟಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಆಟದ ಷರತ್ತು. ಇದಕ್ಕೆ ಆಲ್ಫಾಝೀರೋ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2017ರ ಡಿಸೆಂಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆ, ತನ್ನೊಡನೆ ತಾನೇ ಆಡಿ ಕಲಿತ ಆಲ್ಫಾಝೀರೋ ನೂರು ಆಟಗಳಲ್ಲಿ ಸ್ಟಾಕ್‌ಫಿಶ್‌ನ 8ನೆಯ ಆವೃತ್ತಿಯ ವಿರುದ್ಧ 28 ಗೆದ್ದು, 72 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲವೆಂದು ಪ್ರಕಟಿಸಿತು. ಒಟ್ಟು 64 ಅಂಕ. ನೇರವಾಗಿ 100 ಎಲೋ ಅಂತರ. ಪತ್ರಿಕೆಗಳೆಲ್ಲ ಕೊಂಡಾಡಿದವು. ಆದರೆ ಬಲ್ಲವರು ಷರತ್ತುಗಳನ್ನು ಓದಿದರು: ಪ್ರತಿ ನಡೆಗೂ ಕಟ್ಟುನಿಟ್ಟಾಗಿ ಒಂದು ನಿಮಿಷ, ಲೆಕ್ಕ ಹಾಕಿ ನೋಡಿದ ಸ್ಥಿತಿಗಳನ್ನು ನೆನಪಿಟ್ಟುಕೊಳ್ಳಲು ಸ್ಟಾಕ್‌ಫಿಶ್‌ಗೆ ಕೊಟ್ಟ ಹ್ಯಾಶ್ ಸ್ಮರಣೆ ಒಂದೇ ಗಿಗಾಬೈಟು. ಸುಲಭದ ನಡೆಗೆ ಸಮಯ ಉಳಿಸಿ ಕಷ್ಟದ ನಡೆಗೆ ಖರ್ಚು ಮಾಡುವ ಜಾಣ್ಮೆ ಸ್ಟಾಕ್‌ಫಿಶ್‌ಗೆ ಇತ್ತು, ಅದನ್ನು ಬಳಸಲು ಎಡೆಯೇ ಇರಲಿಲ್ಲ. ಮರುವರ್ಷ ಹೊರಬಂದ ಸವಿಸ್ತಾರ ಪ್ರಬಂಧದಲ್ಲಿ ಷರತ್ತು ಬದಲಾಗಿತ್ತು: ಆಟಕ್ಕೆ ಮೂರು ಗಂಟೆ, ನಡೆಗೆ ಹೆಚ್ಚುವರಿ 15 ಸೆಕೆಂಡು, ಸ್ಟಾಕ್‌ಫಿಶ್‌ಗೆ ಪ್ರೊಸೆಸರಿನ 44 ಕೋರ್ ಮತ್ತು 32 ಗಿಗಾಬೈಟು ಹ್ಯಾಶ್ ಸ್ಮರಣೆ. ಸಾವಿರ ಆಟಗಳಲ್ಲಿ ಆಲ್ಫಾಝೀರೋ 155 ಗೆದ್ದು, 6 ಸೋತು, 839 ಡ್ರಾ ಮಾಡಿತು. ನೀವೇ ಲೆಕ್ಕ ಹಾಕಿ ನೋಡಿ, ಶೇಕಡಾ 57.45, ಎಲೋ ಅಂತರ ಸುಮಾರು 52. ಗೆದ್ದದ್ದು ಅದೇ, ಸೋತದ್ದೂ ಅದೇ, ಆದರೆ ಅಂತರ ಅರ್ಧಕ್ಕೆ ಬಂತು. ಈ ಎರಡು ಅಂಕಿಗಳಲ್ಲಿ ಯಾವುದು ಸುಳ್ಳು ಎಂದು ಕೇಳುವವರಿದ್ದಾರೆ. ಎರಡೂ ಸುಳ್ಳಲ್ಲ, ತಂತಮ್ಮ ಷರತ್ತಿನ ಜೊತೆ ಹೇಳಿದಾಗ ಮಾತ್ರ.

ಡ್ರಾಗಳ ಕಾಟವನ್ನೂ ಹೇಳಬೇಕು. ಮೇಲ್ಮಟ್ಟದ ಎಂಜಿನ್‌ಗಳು ಸಮತೂಕದ ಆರಂಭದಿಂದ ಆಡಿದರೆ ಬಹುಪಾಲು ಆಟಗಳು ಡ್ರಾ ಆಗಿ, ಸಾವಿರ ಆಟವಾಡಿದರೂ ತಕ್ಕಡಿ ಅಲುಗುವುದಿಲ್ಲ. ಅದಕ್ಕೆ ಪರೀಕ್ಷಕರು ಬೇಕೆಂದೇ ಒಂದು ಕಡೆಗೆ ವಾಲಿದ ಆರಂಭಗಳನ್ನು ಆಯ್ದು, ಒಂದೊಂದನ್ನೂ ಬಿಳಿ ಕಪ್ಪು ಅದಲು ಬದಲು ಮಾಡಿ ಎರಡೆರಡು ಸಲ ಆಡಿಸುತ್ತಾರೆ. 2010ರಿಂದ ನಡೆದುಬಂದಿರುವ ಟಿಸಿಇಸಿ ಎಂಬ ಎಂಜಿನ್‌ಗಳ ಪಂದ್ಯಾವಳಿಯಲ್ಲಿಯೂ ಆರಂಭದ ನಡೆಗಳನ್ನು ಆಡುವವರಲ್ಲ, ಏರ್ಪಡಿಸುವವರೇ ಆರಿಸಿಕೊಡುವುದು. ಮನುಷ್ಯರ ಪಂದ್ಯದಲ್ಲಿ ಇದನ್ನು ಮಾಡಿದರೆ ಗಲಾಟೆಯಾದೀತು.

ಇನ್ನು ನಮ್ಮೂರಿಗೇ ಮೀಸಲಾದ ಷರತ್ತೊಂದಿದೆ. ನಮ್ಮ ಕಡೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ನಗೆಮಾತು ಕಂಪ್ಯೂಟರಿಗೆ ನಗೆಯ ವಿಷಯವಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಒಳಗಿನ ಪ್ರೊಸೆಸರ್ ತನ್ನನ್ನು ಸುಟ್ಟುಕೊಳ್ಳದಿರಲು ತಾನಾಗಿಯೇ ವೇಗ ತಗ್ಗಿಸುತ್ತದೆ. ಎರಡೂ ಎಂಜಿನ್‌ಗಳು ಒಂದೇ ಯಂತ್ರದ ಮೇಲೆ ಆಡುವುದರಿಂದ ಇಬ್ಬರಿಗೂ ಪೆಟ್ಟು ಸಮ ಎಂದು ನಾನು ಬಹಳ ದಿನ ನೆಮ್ಮದಿಯಾಗಿದ್ದೆ. ಪೆಟ್ಟು ಸಮವೇ, ಆದರೆ ಅಷ್ಟೇ ಸೆಕೆಂಡಿನಲ್ಲಿ ಎರಡೂ ಕಡಿಮೆ ಆಳ ಯೋಚಿಸುತ್ತವೆಯಾದ್ದರಿಂದ ಅದು ಬೇರೊಂದೇ ಪಂದ್ಯವಾಗಿಬಿಡುತ್ತದೆ. ಡಿಸೆಂಬರಿನಲ್ಲಿ ಆಡಿಸಿದ ಫಲಿತಾಂಶಕ್ಕೆ ಮೇ ತಿಂಗಳದನ್ನು ಕೂಡಿಸಿ ಸರಾಸರಿ ತೆಗೆಯುವುದು ತಪ್ಪು ಎಂದು ತಿಳಿಯುವ ಹೊತ್ತಿಗೆ ನನ್ನ ಒಂದು ಬೇಸಿಗೆಯ ಆಟಗಳೆಲ್ಲ ನೀರುಪಾಲಾಗಿದ್ದವು. ಸಿಸಿಆರ್‌ಎಲ್ ಎಂಬ ಹೆಸರಾಂತ ಎಂಜಿನ್ ರೇಟಿಂಗ್ ಪಟ್ಟಿಯ ಸ್ವಯಂಸೇವಕರು ಇದಕ್ಕೇ ಒಂದು ನಿರ್ದಿಷ್ಟ ಮಾದರಿಯ ಪ್ರೊಸೆಸರನ್ನು ಅಳತೆಗೋಲಾಗಿ ಇಟ್ಟುಕೊಂಡು, ತಮ್ಮ ತಮ್ಮ ಯಂತ್ರದ ವೇಗವನ್ನು ಅದರೊಡನೆ ಹೋಲಿಸಿ, ಗಡಿಯಾರದ ಸಮಯವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಾರೆ. ಅವರ ಪಟ್ಟಿಯಲ್ಲಿ ಪ್ರತಿ ರೇಟಿಂಗಿನ ಪಕ್ಕದಲ್ಲಿಯೂ ಅದರ ತೂಗಾಟ ಎಷ್ಟು, ಆಡಿದ ಆಟಗಳೆಷ್ಟು ಎಂದು ಅಚ್ಚಾಗಿರುತ್ತದೆ. ಮೊದಲ ಸ್ಥಾನಕ್ಕೂ ಮೂರನೆಯದಕ್ಕೂ ನಡುವಿನ ಅಂತರ ಆ ತೂಗಾಟಕ್ಕಿಂತ ಕಡಿಮೆಯಿದ್ದರೆ ಅವುಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ನನ್ನ ರೂಢಿ. ತನ್ನದೇ ಹಳೆಯ ರೂಪದ ವಿರುದ್ಧ ಗಳಿಸಿದ ಮುನ್ನಡೆ ಪರರ ಎದುರಿಗೆ ಸಾಮಾನ್ಯವಾಗಿ ಸೊರಗುತ್ತದೆ ಎಂಬುದನ್ನೂ ಇಂಥ ಪಟ್ಟಿಗಳೇ ತೋರಿಸಿಕೊಟ್ಟಿವೆ. ಗರಡಿಯಲ್ಲಿ ಒಬ್ಬನೇ ಜೋಡಿಯೊಡನೆ ಸೆಣಸಿದ ಪೈಲ್ವಾನ ಜಾತ್ರೆಯ ಕುಸ್ತಿಯಲ್ಲಿ ತಡವರಿಸುವಂತೆ.

ಸೋದರಳಿಯನಿಗೆ ಇದಿಷ್ಟನ್ನೂ ಒಂದು ಭಾನುವಾರ ಕೂತು ಹೇಳಿದೆ. ಕೇಳಿ ಮುಗಿಸಿ ಅವನು, ತಾನೇ ಬರೆದ ಪುಟ್ಟ ಎಂಜಿನ್ನಿನಲ್ಲಿ ಕುದುರೆಗೆ ಒಂಟೆಗಿಂತ ಕೊಂಚ ಕಡಿಮೆ ಬೆಲೆ ಕಟ್ಟಿದರೆ ಆಟ ಸುಧಾರಿಸುತ್ತದೆಯೇ ನೋಡಬೇಕೆಂದ. ಎರಡು ಗೆರೆ ಎಳೆದು ಆಡಲು ಬಿಟ್ಟಿದ್ದೇವೆ. ಇಂದಿಗೆ ನಾಲ್ಕನೆಯ ರಾತ್ರಿ. ಮೊದಲ ರಾತ್ರಿ ಮೇಲಿನ ಗೆರೆಯ ಹತ್ತಿರ ಹೋಗಿದ್ದ ಲೆಕ್ಕ, ಇಂದು ಬೆಳಿಗ್ಗೆ ನಾನು ಮನೆಯಿಂದ ಹೊರಡುವಾಗ ಸೊನ್ನೆಯ ಆಸುಪಾಸಿನಲ್ಲಿತ್ತು.

ನಮಸ್ಕಾರ.